ಚಿಲಕ

ಆ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ
ಬಚ್ಚಲ ಬಾಗಿಲಿನ ಒಳಚಿಲಕ ಬಿಚ್ಚಿದ್ದು.
ಸ್ಕ್ರೂಡ್ರೈವರ್ ನನ್ನ ಬ್ಯಾಗಿನಲ್ಲೇ ಇರುತ್ತದೆ,
ಅಳತೆ ಟೇಪು, ವೆಲ್ಕ್ರೋ ಪಟ್ಟಿ, ಹಿಡಿ ದಪ್ಪಗಿರುವ ಚಮಚದ ಜೊತೆ.
ಒಳಗೆ ಬಿದ್ದರೆ ಬಾಗಿಲು ಒಡೆಯಬೇಕಾಗತ್ತೆ, ಅಂದೆ.
ಅಳಿಯ ತಲೆಯಾಡಿಸಿದ.
ಮಗಳು ಚಿಲಕವನ್ನು ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ
ಫ್ರಿಜ್ಜಿನ ಮೇಲಿಟ್ಟಳು.
ಹೊನ್ನಗಂಗಮ್ಮ ಗೋಡೆ ಕಡೆ ತಿರುಗಿ ಮಲಗಿದರು.

ಸುಂಕದಕಟ್ಟೆ, ಎರಡನೇ ಮಹಡಿ,
ಮೂವತ್ತೊಂದು ಮೆಟ್ಟಿಲು, ಒಂದರ ಎತ್ತರ ಇನ್ನೊಂದಕ್ಕಿಲ್ಲ.
ಕೆಳಗೆ ಗಾರ್ಮೆಂಟ್ಸಿನ ಟೆಂಪೋ, ಮಗಳನ್ನು ಕರೆಯುವ ಹಾರನ್ನು.
"ಫಿಸಿಯೋನಾ ನೀವು?" ಮೆಟ್ಟಿಲ ಮೇಲೆ ಓನರ್ ಕೇಳಿದರು.
ಅಲ್ಲ, ಅವರು ಕೈಕಾಲು ಆಡಿಸುತ್ತಾರೆ,
ಆಡಿದಷ್ಟು ಕೈಕಾಲಿಗೆ ನಾನು ಕೆಲಸ ಹುಡುಕುತ್ತೇನೆ,
ಎನ್ನಬೇಕಿತ್ತು. ಉಸಿರು ಸಾಲದೆ, ಹೂಂ ಅಂದೆ.

ಎರಡು ವಾರ ಚೆನ್ನಾಗಿಯೇ ಹೋಯಿತು.
ತಟ್ಟೆ ಜಾರದ ಹಾಗೆ ಒದ್ದೆ ಬಟ್ಟೆ ಹಾಸಿದೆವು.
ನೈಟಿಗೆ ಸೋತ ಕೈ ಮೊದಲು, ಉಳಿದ ಕೈ ಆಮೇಲೆ.
ಕಮೋಡಿನ ಪಕ್ಕ ಗೋಡೆ ಕೊರೆದು ಸ್ಟೀಲಿನ ಹಿಡಿ.
ಹೇಳಿದ್ದೆಲ್ಲ ಮಾಡಿದರು.
ಬಚ್ಚಲಿಗೆ ಹೋಗೋಣ ಅಂದರೆ ಮಾತ್ರ, "ಬಂದಿಲ್ಲ."
ನೀರೇ ಕುಡೀತಿಲ್ಲ ಮೇಡಂ, ಅಂದಳು ಮಗಳು.

ಮೂರನೇ ಮಂಗಳವಾರ ಬಾಯಿ ಬಿಟ್ಟರು,
ಬಲತುದಿ ಇನ್ನೂ ಜಾರುವ ಬಾಯಿ:
"ಇಪ್ಪತ್ತೆರಡು ವರ್ಷ ಕಂಡಕ್ಟರ್ ಕಣಮ್ಮ ನಾನು.
ಮಾರ್ಕೆಟ್ಟಿಂದ ಕೆಂಗೇರಿ, ಕೆಂಗೇರಿಯಿಂದ ಮಾರ್ಕೆಟ್ಟು.
ಬೆಳಗ್ಗೆ ಐದಕ್ಕೆ ಒಂದು ಗುಟುಕು ನೀರು, ಆಮೇಲೆ ಡ್ಯೂಟಿ ಮುಗಿದ ಮೇಲೆ.
ಇಡೀ ಬೆಂಗಳೂರಲ್ಲಿ ನಾ ಹುಡುಕಿದ್ದು ಏನು ಗೊತ್ತಾ?
ಚಿಲಕ ಇರೋ ಒಂದು ಬಾಗ್ಲು.
ಹೋಟೆಲ್ನೋರ್ನ ಬೇಡಿದೀನಿ.
ಪೆಟ್ರೋಲ್ ಬಂಕಲ್ಲಿ ಬಲಗೈಲಿ ಬಾಗ್ಲು ಎಳ್ಕೊಂಡು ಕೂತಿದೀನಿ,
ಈಗ ಆ ಕೈಯೂ ಇಲ್ಲ.
ಈ ಮನೆ ನೋಡೋಕೆ ಬಂದಾಗ ಮೊದಲು ಎಳೆದು ನೋಡಿದ್ದೇ ಅದನ್ನ.
ನೀ ಬಂದು ಹತ್ತು ನಿಮಿಷಕ್ಕೆ ಬಿಚ್ಚಿದೆ."

ನನ್ನ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.
ರಾತ್ರಿ ನಮ್ಮನೆ ಬಚ್ಚಲ ಚಿಲಕ ಹಾಕಿದೆ. ಟಕ್ ಅಂದಿತು.
ತೆಗೆದೆ, ಮತ್ತೆ ಹಾಕಿದೆ.
ಹೊರಗಿನಿಂದ ಗಂಡ, "ಕೆಟ್ಟಿದೆಯೇನೇ?"

ವಾಪಸ್ ಹಾಕಿಸುವ ಧೈರ್ಯ ನನಗಿಲ್ಲ,
ಒಡೆದ ಬಾಗಿಲುಗಳನ್ನು ಕಂಡಿದ್ದೇನೆ.
ಗುರುವಾರ ಕೇಳಿದೆ: ನಿಮ್ಮ ವಿಷಲ್ ಇದೆಯಾ?
ಮಗಳು ಟ್ರಂಕು ಕೆದಕಿದಳು. ಖಾಕಿ ಕೋಟಿನ ಜೇಬಲ್ಲಿ
ಎರಡು ಸವೆದ ನಾಣ್ಯದ ಜೊತೆ ಸಿಕ್ಕಿತು.
ಕುದಿಸಿ, ಒರೆಸಿ, ಹೊಸ ದಾರ ಪೋಣಿಸಿ ಕೊರಳಿಗೆ ಹಾಕಿದೆವು.
ಒಂದು ಊದಿದರೆ ಯಾರೂ ಬರುವ ಹಾಗಿಲ್ಲ.
ಎರಡು ಊದಿದರೆ ರೈಟ್, ಬರಬಹುದು, ಅಂದೆ.
"ಇದನ್ನ ನಂಗೆ ಹೇಳ್ಕೊಡ್ತೀಯಾ?" ಅಂದರು.
ಬಿದ್ದರೆ? ಅಳಿಯ ಕೇಳಿದ.
"ಊದ್ತಾನೇ ಇರ್ತೀನಿ ಬಿಡಪ್ಪ, ನೀ ಬ್ರೇಕ್ ಹಾಕೋವರ್ಗೂ."

ಮೊದಮೊದಲು ಬಂದದ್ದು ಬರೀ ಗಾಳಿ, ಎಂಜಲು.
ಜಾರುವ ತುಟಿಯನ್ನು ಎಡಗೈ ಬೆರಳಲ್ಲಿ ಒತ್ತಿ ಹಿಡಿದು
ಊದುವುದನ್ನು ತಾವೇ ಕಂಡುಕೊಂಡರು.
ನಾನು ಅದನ್ನು ಫಾರಂನಲ್ಲಿ ಬರೆದುಕೊಂಡೆ, ಅಂಚಿನಲ್ಲಿ.

ಇವತ್ತು ಬಾಗಿಲು ಮುಂದಕ್ಕೆ ಬಂದು ಚೌಕಟ್ಟಿಗೆ ತಾಗಿತು.
ಒಂದು ವಿಷಲ್. ಸೋರಿದ್ದು, ಆದರೂ ವಿಷಲ್.
ಪ್ಯಾಸೇಜಿನಲ್ಲಿ ನಾವು ಮೂವರು, ಸ್ಟಾಪಿನಲ್ಲಿ ನಿಂತ ಹಾಗೆ.
ನೀರು ಸುರಿದ ಸದ್ದು. ಚೊಂಬು ಇಟ್ಟ ಸದ್ದು.
ಆಮೇಲೆ ಏನೂ ಇಲ್ಲ.
ನನ್ನ ಕೈ ಬಾಗಿಲ ತನಕ ಹೋಯಿತು,
ಮಗಳು ಮಣಿಕಟ್ಟು ಹಿಡಿದಳು.
ಕೆಳಗೆ ಟೆಂಪೋದವನು ಮೂರನೇ ಸಲ ಹಾರನ್ ಹೊಡೆದ.
ಅವಳು ಅಲುಗಲಿಲ್ಲ.